ಹಳೇ ರೀಲ್ ಕ್ಯಾಮೆರಾಕ್ಕೆ ಲೆನ್ಸ್ ಕೊಳ್ಳುವ ಮುಂಚೆ

ನಮ್ಮ ಕಾಕಾ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಒಂದು ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಲ್ಮಾರಿಯಿಂದ ಒಂದು ಪೆಂಟಾಕ್ಸ್ ಕೆ1000 ಕ್ಯಾಮೆರಾ ಹೊರಬಂತು. ಬರೀ ಬಾಡಿ. ಅದರ ಲೆನ್ಸನ್ನು ಯಾರೋ ಮದುವೆ ಸೀಸನ್‌ನಲ್ಲಿ ಒಯ್ದವರು ತಿರುಗಿ ತಂದುಕೊಟ್ಟಿರಲಿಲ್ಲ. "ತಮ್ಮಾ, ಇದಕ್ಕೊಂದು ಲೆನ್ಸ್ ಹುಡುಕು, ಇನ್ನೂ ಭಾಳ ವರ್ಷ ನಡೀತದ" ಎಂದು ಕಾಕಾ ಅದನ್ನು ನನ್ನ ಕೈಗಿಟ್ಟರು.

ಆ ಲೆನ್ಸ್ ಹುಡುಕುವುದರಲ್ಲಿ ನಾನು ಎರಡು ಸಲ ದುಡ್ಡು ಕಳೆದುಕೊಂಡೆ. ನಿಮಗೆ ಹಾಗಾಗಬಾರದು. ಅದಕ್ಕೇ ಒಂದೊಂದಾಗಿ ಬರೆಯುತ್ತಿದ್ದೇನೆ. ಹೆಚ್ಚಿನವರು ಮೊದಲು ಲೆನ್ಸ್‌ನ ಹೆಸರು ನೋಡುತ್ತಾರೆ, ಆಮೇಲೆ ಎಫ್ ನಂಬರ್ ನೋಡುತ್ತಾರೆ. ಎಫ್ ನಂಬರ್ ಅಂದರೆ ಬೆಳಕು ಒಳಬರುವ ಕಿಂಡಿಯ, ಅಂದರೆ ಅಪರ್ಚರ್‌ನ ಅಳತೆ; ನಂಬರ್ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ನನ್ನ ಕ್ರಮ ಬೇರೆ. ಮೊದಲು ಮೌಂಟ್, ಅಂದರೆ ಲೆನ್ಸ್ ಬಾಡಿಗೆ ಕೂರುವ ಬಾಯಿ. ಆಮೇಲೆ ಎಷ್ಟು ಮಿ.ಮೀ. ಅನ್ನುವುದು, ಅಂದರೆ ಲೆನ್ಸ್ ಎಷ್ಟು ಅಗಲ ಹಿಡಿಯುತ್ತದೆ ಎಂದು. ಆಮೇಲೆ ಲೆನ್ಸ್‌ನ ಆರೋಗ್ಯ. ಹೆಸರು ಕೊನೆಗೆ. ನಮ್ಮ ಕಡೆ ಆರೋಗ್ಯದ ಮಾತೇ ದೊಡ್ಡದು. ಇಲ್ಲಿಯ ಬೇಸಿಗೆ ಲೆನ್ಸ್‌ನ ಒಳಗಿನ ಗ್ರೀಸನ್ನೂ ಬಿಡುವುದಿಲ್ಲ.

ಕ್ಯಾಮೆರಾದ ಬಾಯಿ ನೋಡಿ

ಮೊದಲು ಲೆನ್ಸ್ ಬಿಚ್ಚಲು ಬರುತ್ತದೆಯೇ ನೋಡಿ. ಯಾಶಿಕಾ ಎಲೆಕ್ಟ್ರೋ 35 ತರಹದ ಕ್ಯಾಮೆರಾಗಳಲ್ಲಿ 45 ಮಿ.ಮೀ. ಲೆನ್ಸ್ ಬಾಡಿಯ ಜೊತೆಗೇ ಇರುತ್ತದೆ, ಬದಲಿಸಲು ಆಗುವುದಿಲ್ಲ. ನಿಮ್ಮ ಹತ್ತಿರ ಅಂಥದ್ದಿದ್ದರೆ ಖರ್ಚು ಉಳಿಯಿತು. ನೇರ ರೀಲ್ ಹಾಕಿ.

ಬಿಚ್ಚಲು ಬರುವುದಾದರೆ ಬಾಯಿ ಎರಡು ತರಹ ಇರುತ್ತದೆ. ಒಳಗೆ ಬಾಟಲಿ ಮುಚ್ಚಳದ ಹಾಗೆ ತಿರುಪಿನ ಗೆರೆ ಇದ್ದರೆ ಅದು ಹೆಚ್ಚಾಗಿ ಎಂ42, ಅಂದರೆ 42 ಮಿ.ಮೀ. ಅಗಲದ ತಿರುಪು. ಹೆಚ್ಚಿನ ಜೆನಿಟ್-ಇ, ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಎರಡೂ ಇದೇ. ತಿರುಪಿಲ್ಲದೆ ಮೂರು ಹಲ್ಲಿನ ಉಂಗುರ ಇದ್ದರೆ ಅದು ಬೇಯೊನೆಟ್. ಒಳಗಿಟ್ಟು ಸ್ವಲ್ಪ ತಿರುಗಿಸಿದರೆ ಕಟಕ್ ಎಂದು ಕೂರುತ್ತದೆ. ಬೇಯೊನೆಟ್ ಒಂದೊಂದು ಕಂಪನಿಯದು ಒಂದೊಂದು. ನಿಕಾನ್‌ನ ಎಫ್ ಮೌಂಟ್ 1959ರಲ್ಲಿ ಬಂತು. ಕ್ಯಾನನ್‌ನ ಎಫ್‌ಡಿ 1971ರದು, ಪೆಂಟಾಕ್ಸ್‌ನ ಕೆ 1975ರದು. ಯಾಶಿಕಾ ಎಫ್‌ಎಕ್ಸ್-3ಕ್ಕೆ ಕಾಂಟ್ಯಾಕ್ಸ್-ಯಾಶಿಕಾ ಮೌಂಟ್ ಬೇಕು. ಒಂದರ ಲೆನ್ಸ್ ಇನ್ನೊಂದಕ್ಕೆ ಆಗುವುದಿಲ್ಲ.

ನನ್ನ ಮೊದಲ ತಪ್ಪು ಆದದ್ದು ಇಲ್ಲೇ. ಫೋನಿನಲ್ಲಿ "ಪೆಂಟಾಕ್ಸ್ ಲೆನ್ಸ್" ಎಂದಷ್ಟೇ ಹೇಳಿ ತರಿಸಿದೆ. ಬಂದದ್ದು ಸೂಪರ್ ತಕುಮಾರ್. ಪೆಂಟಾಕ್ಸ್‌ದೇ, ಒಳ್ಳೆಯದೇ, ಆದರೆ ತಿರುಪಿನದು. ಕೆ1000ಕ್ಕೆ ಕೂರಲಿಲ್ಲ. ಇದಕ್ಕೆ ದಾರಿ ಇದೆ ಎಂದು ಆಮೇಲೆ ಗೊತ್ತಾಯಿತು. ಲೆನ್ಸ್ ಕೂರುವ ಜಾಗದಿಂದ ಫಿಲ್ಮಿನವರೆಗಿನ ದೂರ ಎಂ42ರಲ್ಲೂ ಪೆಂಟಾಕ್ಸ್ ಕೆಯಲ್ಲೂ ಒಂದೇ, 45.46 ಮಿ.ಮೀ. ಹಾಗಾಗಿ ಬಾಯಿಯ ಒಳಗೇ ಕೂರುವ ತೆಳ್ಳನೆಯ ಅಡಾಪ್ಟರ್ ಉಂಗುರ ಹಾಕಿದರೆ ದೂರದ ಗುಡ್ಡದವರೆಗೂ ಫೋಕಸ್ ಸರಿಯಾಗಿ ಬರುತ್ತದೆ. ಅಪರ್ಚರ್ ಮಾತ್ರ ತಾನಾಗಿ ಮುಚ್ಚುವುದಿಲ್ಲ, ಕೈಯಿಂದ ಮುಚ್ಚಬೇಕು. ನಿಕಾನ್‌ಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಆ ದೂರ 46.5 ಮಿ.ಮೀ. ಒಂದೇ ಒಂದು ಮಿ.ಮೀ. ಜಾಸ್ತಿ. ಅಷ್ಟಕ್ಕೇ ದೂರದ್ದೆಲ್ಲ ಮಸುಕು.

ನಿಕಾನ್ ಇದ್ದವರು ಇನ್ನೊಂದು ನೋಡಿಕೊಳ್ಳಬೇಕು. 1977ರಲ್ಲಿ ಆ ಕಂಪನಿ ಲೆನ್ಸ್ ತನ್ನ ಅಪರ್ಚರನ್ನು ಬಾಡಿಗೆ ತಿಳಿಸುವ ರೀತಿಯಲ್ಲಿ ಎಐ ಎಂಬ ಬದಲಾವಣೆ ತಂದಿತು. ಅದಕ್ಕಿಂತ ಹಿಂದಿನ ಲೆನ್ಸನ್ನು ನಿಕಾನ್‌ನ ಎಫ್‌ಎಂ2 ಕ್ಯಾಮೆರಾಕ್ಕೆ ಒತ್ತಿ ಕೂರಿಸಿದರೆ ಬಾಡಿಯ ಸಣ್ಣ ಹಲ್ಲು ಹಾಳಾಗಬಹುದು. ಮೊದಲಿನ ಎಫ್‌ಎಂನಲ್ಲಿ ಆ ಹಲ್ಲನ್ನು ಮೇಲೆ ಮಡಚಿಡಲು ಬರುತ್ತದೆ, ಅಲ್ಲಿ ಭಯವಿಲ್ಲ. ಯಾವ ಕ್ಯಾಮೆರಾ ಇರಲಿ, ಸಲೀಸಾಗಿ ಕೂರದ ಲೆನ್ಸನ್ನು ಒತ್ತಬೇಡಿ.

ಈಗಿನ ಡಿಜಿಟಲ್ ಕ್ಯಾಮೆರಾದ ಲೆನ್ಸ್ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಲೆನ್ಸ್ ಮೇಲೆ ಅಪರ್ಚರ್ ಉಂಗುರ ಇಲ್ಲದಿದ್ದರೆ ಬೇಡ. ನಿಕಾನ್‌ನ ಜಿ ಲೆನ್ಸ್ ಹಳೇ ಬಾಡಿಗೆ ಕೂರುತ್ತದೆ, ಆದರೆ ಅತಿ ಸಣ್ಣ ಕಿಂಡಿಯಲ್ಲೇ ನಿಂತುಬಿಡುತ್ತದೆ.

50ರಿಂದ ಶುರು ಮಾಡಿ

ಫಿಲ್ಮಿನ ಮೇಲೆ ಒಂದು ಚಿತ್ರ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಿಂದ ಈ ಅಳತೆ ಎಲ್ಲ ಕಡೆ ಹರಡಿತು. ಇದನ್ನು ನೆನಪಿಟ್ಟರೆ ಒಂದು ಸುಲಭ ಲೆಕ್ಕ ಸಿಗುತ್ತದೆ. ವಸ್ತು ಎಷ್ಟು ಮೀಟರ್ ದೂರ ಇದೆಯೋ ಅದನ್ನು 36ರಿಂದ ಗುಣಿಸಿ, ಲೆನ್ಸ್‌ನ ಮಿ.ಮೀ.ಯಿಂದ ಭಾಗಿಸಿ. ಎಷ್ಟು ಅಗಲ ಚಿತ್ರದಲ್ಲಿ ಬರುತ್ತದೆ ಎಂದು ಗೊತ್ತಾಗುತ್ತದೆ. 10 ಮೀಟರ್ ದೂರದಲ್ಲಿ 50 ಮಿ.ಮೀ. ಲೆನ್ಸ್ 7.2 ಮೀಟರ್ ಅಗಲ ಹಿಡಿಯುತ್ತದೆ. 28 ಹತ್ತಿರಹತ್ತಿರ 13 ಮೀಟರ್ ಹಿಡಿಯುತ್ತದೆ. 135ಕ್ಕೆ ಬರುವುದು 2.7 ಮೀಟರ್ ಮಾತ್ರ. ಲೆನ್ಸ್ ಕೊಳ್ಳುವ ಮುಂಚೆ ನೀವು ಹೆಚ್ಚಾಗಿ ಓಡಾಡುವ ಜಾಗಕ್ಕೆ ಈ ಲೆಕ್ಕ ಹಾಕಿ ನೋಡಿ. ಕಾಗದದ ಮೇಲೆ ಲೆಕ್ಕ ಹಾಕಲು ದುಡ್ಡು ಬೇಕಾಗಿಲ್ಲ.

ನನ್ನ ಸಲಹೆ: ಮೊದಲ ಲೆನ್ಸ್ 50 ಇರಲಿ. ಒಂದು ವರ್ಷ ಅದೊಂದೇ ಇರಲಿ. ಹಳೇ ಲೆನ್ಸ್‌ಗಳಲ್ಲಿ ಹೆಚ್ಚು ಸಿಗುವುದೂ ಇದೇ, ಅಗ್ಗಕ್ಕೆ ಸಿಗುವುದೂ ಇದೇ. ಜೆನಿಟ್ ಇದ್ದವರಿಗೆ ಅದರ ಜೊತೆ ಬರುತ್ತಿದ್ದ 58 ಮಿ.ಮೀ. ಹೆಲಿಯೋಸ್ ಸಾಕು.

ಕಲಬುರಗಿ ಕೋಟೆಯ ಜಾಮಾ ಮಸೀದಿ 1367ರದು. ಬೇರೆ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳ ಇಲ್ಲ, ಮೇಲೆಲ್ಲ ಛಾವಣಿ. ಒಳಗೆ ಕಮಾನಿನ ಹಿಂದೆ ಕಮಾನು. ಬೆಳಕು ಪಕ್ಕದಿಂದ ಬಂದು ನೆಲದ ಮೇಲೆ ಬೀಳುತ್ತದೆ. ಇಲ್ಲಿಗೆ 28 ಬೇಕೇ ಬೇಕು ಅನ್ನುವವರು ಜಾಸ್ತಿ. ನನಗೆ ಹಾಗನಿಸುವುದಿಲ್ಲ. 28ರಲ್ಲಿ ಎಲ್ಲ ಕಮಾನು ಬರುತ್ತವೆ, ಆದರೆ ಎಲ್ಲವೂ ಸಣ್ಣದಾಗಿ ಹಿಂದೆ ಸರಿಯುತ್ತವೆ. 50ರಲ್ಲಿ ಸಾಲಿನ ಒಂದು ತುದಿಗೆ ನಿಂತರೆ ಕಮಾನುಗಳು ಒಂದರೊಳಗೊಂದು ಕೂತ ಹಾಗೆ ಕಾಣುತ್ತವೆ. ಆ ಜಾಗದ ಗಾಂಭೀರ್ಯ ನನಗೆ ಸಿಕ್ಕಿದ್ದು ಅದರಲ್ಲೇ.

ಬೀದರ್‌ನ ಮಹಮೂದ್ ಗವಾನ್ ಮದರಸಾದ ಮಿನಾರ್ ಮುಂದೆಯೂ ಹಾಗೇ. 28 ಇದ್ದರೆ ಹತ್ತಿರ ಹೋಗುತ್ತೀರಿ. ಹತ್ತಿರ ಹೋದರೆ ಕ್ಯಾಮೆರಾ ಮೇಲೆತ್ತುತ್ತೀರಿ. ಮೇಲೆತ್ತಿದರೆ ಮಿನಾರ್ ಹಿಂದಕ್ಕೆ ವಾಲುತ್ತದೆ. 50 ಹಿಡಿದು ಹಿಂದೆ ಹಿಂದೆ ನಡೆದು ಹೋಗಿ, ಕ್ಯಾಮೆರಾ ಮಟ್ಟವಾಗಿ ಹಿಡಿದರೆ 1472ರ ಆ ಗೋಡೆ ನೆಟ್ಟಗೆ ನಿಲ್ಲುತ್ತದೆ. ಚೌಬಾರಾ ಸುತ್ತಲಿನ ಗಲ್ಲಿಗಳಲ್ಲಿ ಮಾತ್ರ ಹಿಂದೆ ಸರಿಯಲು ಜಾಗ ಸಾಲದು. ಅಲ್ಲಿ 35 ಇದ್ದರೆ ಚೆನ್ನ.

50ರ ಮಿತಿ ನನಗೆ ಗೊತ್ತಾದದ್ದು ಬೀದರ್‌ನ ಒಂದು ಬಿದ್ರಿ ಕೆಲಸದ ಕೋಣೆಯಲ್ಲಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಕೆಲಸಗಾರರು ಉಳಿಯಿಂದ ಗೆರೆ ಕೊರೆದಿದ್ದರು. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದರು. ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡುವುದು ಇದಾದ ಮೇಲೆ. ನಾನು ಪಕ್ಕದಲ್ಲೇ ನೆಲದ ಮೇಲೆ ಕೂತೆ. ನನ್ನ 50 ಅತಿ ಹತ್ತಿರ ಅಂದರೆ 45 ಸೆಂ.ಮೀ.ಗೆ ಫೋಕಸ್ ಆಗುತ್ತದೆ. ಅಲ್ಲಿ ಚಿತ್ರದಲ್ಲಿ ಬರುವ ಅಗಲ ಸುಮಾರು 25 ಸೆಂ.ಮೀ. ಹೂಜಿಗೆ, ಎರಡು ಕೈಗೆ ಇದು ಸರಿಯಾದ ಅಳತೆ. ಆದರೆ ಎಫ್ 2ರಲ್ಲಿ ಚೊಕ್ಕವಾಗಿ ಕಾಣುವ ಆಳ ಸುಮಾರು 6 ಮಿ.ಮೀ. ಅಷ್ಟೇ. ತಂತಿ ಚೊಕ್ಕ, ಅದನ್ನು ಹಿಡಿದ ಹೆಬ್ಬೆರಳಿನ ಉಗುರು ಮಸುಕು. ಎಫ್ 4ಕ್ಕೆ ಹೋದಾಗ ಆಳ ಎರಡು ಪಟ್ಟಾಯಿತು, ಉಗುರೂ ಬಂತು. ತಂತಿಯ ತುದಿಯೊಂದನ್ನೇ ದೊಡ್ಡದಾಗಿ ತೋರಿಸಬೇಕಾದರೆ 50 ಸಾಲದು. ಅದಕ್ಕೆ ಹೊಸ ಲೆನ್ಸ್ ಕೊಳ್ಳಬೇಡಿ. ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಟೊಳ್ಳು ಉಂಗುರ ಸಿಗುತ್ತದೆ. ಒಳಗೆ ಗಾಜಿಲ್ಲ, ಹಾಗಾಗಿ ಕೆಡಲು ಏನೂ ಇಲ್ಲ. ಬಾಡಿಗೂ ಲೆನ್ಸ್‌ಗೂ ನಡುವೆ ಅದನ್ನು ಹಾಕಿದರೆ ಇನ್ನೂ ಹತ್ತಿರ ಹೋಗಬಹುದು.

ಎರಡನೇ ಲೆನ್ಸ್ ಯಾವುದು ಅನ್ನುವುದನ್ನು ನಿಮ್ಮ ನೆಗೆಟಿವ್‌ಗಳೇ ಹೇಳುತ್ತವೆ. ಬೇಕಾದದ್ದು ಅಂಚಿನಲ್ಲಿ ಕತ್ತರಿಸಿ ಹೋಗಿದೆ ಅಂದರೆ 28 ಅಥವಾ 35. ಬೇಕಾದದ್ದು ನಡುವೆ ಚುಕ್ಕಿಯ ಹಾಗೆ ಕೂತಿದೆ ಅಂದರೆ 135. ಶರಣಬಸವೇಶ್ವರ ಜಾತ್ರೆಯಲ್ಲಿ ಮಾಳಿಗೆ ಮೇಲೆ ನಿಂತು ತೇರಿನ ಕಳಸ ತೆಗೆಯಲು 135 ಒಳ್ಳೆಯದು. 30 ಮೀಟರ್ ದೂರದಿಂದ 8 ಮೀಟರ್ ಅಗಲ ಬರುತ್ತದೆ. ಸುರಪುರದ ಹತ್ತಿರ ಬೋನಾಳ ಕೆರೆಯ ಹಕ್ಕಿಗಳಿಗೆ ಅದು ಸಾಲದು. ಹಕ್ಕಿಗೆ ಅಂತ 135 ಕೊಳ್ಳಬೇಡಿ.

ಹಳೇ ಅಗ್ಗದ ಜೂಮ್ ಲೆನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವುಗಳಲ್ಲಿ ಕಿಂಡಿ ಸಣ್ಣದು. ಕಿಂಡಿ ಎಫ್ 5.6ರಷ್ಟು ಸಣ್ಣದಾದರೆ ವ್ಯೂಫೈಂಡರ್ ನಡುವಿನ ಫೋಕಸ್ ಸಹಾಯ ಕಪ್ಪಾಗಿಬಿಡುತ್ತದೆ, ಕಣ್ಣಿಗೆ ಕಷ್ಟ.

ಎಫ್ 1.4 ಬೇಕಾ?

ನಮ್ಮ ಬಿಸಿಲಿಗೆ ಬೇಡ. ಲೆಕ್ಕ ನೋಡಿ. 400ರ ಫಿಲ್ಮ್ ಹಾಕಿದ್ದೀರಿ (ಈ ನಂಬರ್ ದೊಡ್ಡದಾದಷ್ಟೂ ಫಿಲ್ಮಿಗೆ ಕಡಿಮೆ ಬೆಳಕು ಸಾಕು). ಮಧ್ಯಾಹ್ನದ ಬಿಸಿಲಿನಲ್ಲಿ ಎಫ್ 16 ಇಟ್ಟರೆ ಶಟರ್ 1/500 ಸೆಕೆಂಡ್ ಮಾತ್ರ ತೆರೆದಿರಬೇಕು. ಕೆ1000ರ ಅತಿ ವೇಗದ ಶಟರ್ 1/1000. ಅಂದರೆ ಎಫ್ 11ಕ್ಕಿಂತ ಹೆಚ್ಚು ತೆರೆಯಲು ಆಗುವುದೇ ಇಲ್ಲ. 100ರ ಫಿಲ್ಮ್ ಹಾಕಿದರೂ ಎಫ್ 5.6ಕ್ಕೆ ನಿಲ್ಲುತ್ತದೆ. ಎಫ್ 1.4ಕ್ಕೆ ಕೊಟ್ಟ ದುಡ್ಡು ಹಗಲಿಡೀ ಸುಮ್ನೆ ಕೂರುತ್ತದೆ.

ಅದು ಕೆಲಸಕ್ಕೆ ಬರುವುದು ಕತ್ತಲಲ್ಲಿ. ಅಷ್ಟೂರಿನ ಅಹ್ಮದ್ ಶಾ ವಲಿ ಗುಮ್ಮಟದ ಒಳಗಿನ ಬಣ್ಣದ ಚಿತ್ತಾರ ತೆಗೆಯುವಾಗ ಒಂದೊಂದು ಹನಿ ಬೆಳಕೂ ಬೇಕು. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಸ್ಟ್ಯಾಂಡ್ ಇಡಲು ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿಯಬೇಕು. 50 ಲೆನ್ಸ್‌ಗೆ ಕೈ ಅಲುಗದಿರಲು 1/60, 135ಕ್ಕೆ 1/125ಕ್ಕಿಂತ ಮೇಲೆ ಇರಬೇಕು. ಎಫ್ 2ರಿಂದ ಎಫ್ 1.4ಕ್ಕೆ ಹೋದರೆ ಸಿಗುವುದು ಒಂದೇ ಮೆಟ್ಟಿಲು, ಅಂದರೆ ಎರಡು ಪಟ್ಟು ಬೆಳಕು; 1/30 ಇದ್ದದ್ದು 1/60 ಆಗುತ್ತದೆ. ಅದು ಸಣ್ಣ ಸಹಾಯವಲ್ಲ. ಆದರೆ ಅದಕ್ಕಾಗಿ ಎರಡು ಮೂರು ಪಟ್ಟು ಕೊಡುವ ಬದಲು ಆ ದುಡ್ಡಿಗೆ ಫಿಲ್ಮ್ ಕೊಳ್ಳಿ ಅನ್ನುತ್ತೇನೆ. ಎಫ್ 1.7, 1.8, 2 ಯಾವುದಾದರೂ ಸಾಕು.

ಸೂಪರ್ ತಕುಮಾರ್ 50 ಎಫ್ 1.4 ಕೊಳ್ಳುವವರು ಗಾಜಿನ ಬಣ್ಣ ನೋಡಿ. ಅದರ ನಂತರದ ಮಾದರಿಗಳ ಗಾಜಿನಲ್ಲಿ ಥೋರಿಯಂ ಇದೆ. ವರ್ಷ ಕಳೆದಂತೆ ಅದು ಚಹಾದ ಹಾಗೆ ಹಳದಿಯಾಗುತ್ತದೆ. ಅಲ್ಟ್ರಾವೈಲೆಟ್ ಬೆಳಕಿಗೆ ಇಟ್ಟರೆ ಹಳದಿ ಬಿಡುತ್ತದೆ. ಬಿಸಿಲಿಗೆ ಇಡಿ ಎಂದು ಬೇರೆ ಊರಿನವರು ಹೇಳುತ್ತಾರೆ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಮಾತ್ರ ಇಡಬೇಡಿ. ಅದಕ್ಕಿಂತ ಸಣ್ಣ ಯುವಿ ದೀಪ ಒಳ್ಳೆಯದು. ಯಾಕೆ ಅನ್ನುವುದು ಮುಂದಿನ ಮಾತಿನಲ್ಲಿದೆ.

ಒಳಗಿನ ರೆಪ್ಪೆ

ಎರಡನೇ ಸಲ ಮೌಂಟ್ ಸರಿಯಾಗಿ ನೋಡಿ 50 ಎಫ್ 1.7 ತರಿಸಿದೆ. ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಖುಷಿಯಿಂದ ಒಂದು ಕಪ್ಪು-ಬಿಳುಪು ರೀಲ್ ಮುಗಿಸಿದೆ. ಹಗಲಲ್ಲಿ ಕೋಟೆ, ಸಂಜೆ ಮನೆಯವರು. ತೊಳೆದು ಬಂದ ನೆಗೆಟಿವನ್ನು ಕಾಕಾ ಕಿಟಕಿಗೆ ಹಿಡಿದರು. ಕೋಟೆಯ ಚಿತ್ರ ಎಲ್ಲ ಕರ್ರಗೆ, ಅಂದರೆ ಬೆಳಕು ವಿಪರೀತ ಜಾಸ್ತಿ ಬಿದ್ದಿದೆ. ಮನೆಯ ಚಿತ್ರ ಎಲ್ಲ ಸರಿ ಇದ್ದವು.

"ಇವು ಯಾವ ನಂಬರಿಗೆ ತಗದೀ?"

"ಕೋಟೆ 11, 16 ಕಾಕಾ. ಮನೆಯೊಳಗಿನವು 2."

ಅವರು ಲೆನ್ಸ್ ಬಿಚ್ಚಿ 16ಕ್ಕೆ ಇಟ್ಟರು. ಹಿಂದಿನ ಸಣ್ಣ ಲಿವರನ್ನು ಉಗುರಿನಿಂದ ದೂಡಿ ಬಿಟ್ಟರು. ಕಿಂಡಿಯನ್ನು ಸಣ್ಣ ಮಾಡುವ ಒಳಗಿನ ಬ್ಲೇಡ್‌ಗಳು ಚಟ್ಟನೆ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಅರ್ಧಕ್ಕೆ ಬಂದು, ನಿಧಾನಕ್ಕೆ ತೆವಳಿ ಕೂಡಿಕೊಂಡವು. ಬೆಳಕಿಗೆ ಓರೆಯಾಗಿ ಹಿಡಿದಾಗ ಅವುಗಳ ಮೇಲೆ ಎಣ್ಣೆಯ ಹೊಳಪು ಕಂಡಿತು. "ಲೆನ್ಸಿನ ರೆಪ್ಪಿ ಜಡ ಆಗ್ಯದ ತಮ್ಮಾ. ಗಾಜ್ ಒಂದೇ ನೋಡಿ ತಗೊಂಡಿ."

ಇದು ಆಗುವುದು ಹೀಗೆ. ಈ ಕ್ಯಾಮೆರಾಗಳಲ್ಲಿ ನೀವು ನೋಡುವಾಗ ಲೆನ್ಸ್ ಪೂರ್ತಿ ತೆರೆದಿರುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಬ್ಲೇಡ್ ಮುಚ್ಚಿ, ಆಮೇಲೆ ಶಟರ್ ತೆರೆಯಬೇಕು. ಬ್ಲೇಡ್‌ಗೆ ಎಣ್ಣೆ ಅಂಟಿದ್ದರೆ ಅದು ಮುಚ್ಚುವಷ್ಟರಲ್ಲಿ ಶಟರ್ ತೆರೆದು ಮುಚ್ಚಿ ಆಗಿರುತ್ತದೆ. ಆ ಎಣ್ಣೆ ಬರುವುದು ಫೋಕಸ್ ಉಂಗುರದ ಗ್ರೀಸ್‌ನಿಂದ. ಬಿಸಿಗೆ ಅದು ತೆಳ್ಳಗಾಗಿ ಒಳಗೆ ಹರಿಯುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯನ್ನು ಹತ್ತಾರು ವರ್ಷ ಅಲ್ಮಾರಿಯಲ್ಲಿ ಕಳೆದ ಲೆನ್ಸ್ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹಾಗಾಗಿ ಇಲ್ಲಿ ಲೆನ್ಸ್ ಕೊಳ್ಳುವಾಗ ಮೊದಲ ಪರೀಕ್ಷೆ ಗಾಜಿನದಲ್ಲ, ಬ್ಲೇಡ್‌ನದು.

ಪೆಂಟಾಕ್ಸ್ ಕೆ, ನಿಕಾನ್ ಲೆನ್ಸ್‌ಗೆ ಹಿಂದೆ ಲಿವರ್ ಇರುತ್ತದೆ. ತಿರುಪಿನ ಆಟೋ ಲೆನ್ಸ್‌ಗೆ ಸಣ್ಣ ಪಿನ್ ಇರುತ್ತದೆ. 16ಕ್ಕೆ ಇಟ್ಟು ಒತ್ತಿ ಬಿಡಿ. ಮೊದಲ ಒತ್ತನ್ನೇ ಗಮನವಿಟ್ಟು ನೋಡಿ. ಹತ್ತು ಸಲ ಆಡಿಸಿದ ಮೇಲೆ ಜಡ ಲೆನ್ಸ್ ಕೂಡ ಸ್ವಲ್ಪ ಚುರುಕಾಗುತ್ತದೆ, ಮಾರುವವರು ಆ ಹತ್ತನೆಯದನ್ನು ತೋರಿಸಬಹುದು. ನನಗೆ ಕೊಟ್ಟವರು ಹಾಗೇ ವೀಡಿಯೋ ಕಳಿಸಿದ್ದರು. ಹೆಲಿಯೋಸ್ 44-2 ಈ ಮಾತಿಗೆ ಹೊರಗು. ಅದರಲ್ಲಿ ಬ್ಲೇಡನ್ನು ಉಂಗುರ ತಿರುಗಿಸಿ ಕೈಯಿಂದಲೇ ಮುಚ್ಚುವುದು, ಹಾಗಾಗಿ ಸ್ವಲ್ಪ ಎಣ್ಣೆ ಇದ್ದರೂ ಚಿತ್ರ ಕೆಡುವುದಿಲ್ಲ.

ಆಮೇಲೆ ಗಾಜು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿ. ಬೇರಿನ ಹಾಗೆ, ಜೇಡರ ಬಲೆಯ ಹಾಗೆ ಕವಲೊಡೆದದ್ದು ಕಂಡರೆ ಫಂಗಸ್. ಮಳೆಗಾಲದಲ್ಲಿ ಚರ್ಮದ ಕೇಸಿನೊಳಗೆ ಮುಚ್ಚಿಟ್ಟ ಲೆನ್ಸ್‌ಗೆ ಇದು ಬರುತ್ತದೆ. ಅಂಚಿನಲ್ಲಿ ಚೂರು ಇದ್ದರೆ ಚಿತ್ರಕ್ಕೆ ಅಷ್ಟು ತೊಂದರೆ ಇಲ್ಲ, ಆದರೆ ಬಿಟ್ಟರೆ ಗಾಜಿನ ಲೇಪನವನ್ನು ತಿನ್ನುತ್ತದೆ. ನಾನಾದರೆ ಕೊಳ್ಳುವುದಿಲ್ಲ. ಇಡೀ ಗಾಜು ಹಾಲು ಸವರಿದ ಹಾಗೆ ಮಬ್ಬಾಗಿದ್ದರೂ ಬೇಡ, ಬಿಸಿಲಿಗೆ ಎದುರಾಗಿ ತೆಗೆದ ಚಿತ್ರ ಎಲ್ಲ ತೊಳೆದುಹೋದ ಹಾಗೆ ಬರುತ್ತದೆ. ಗೀರು ಮುಂದಿನ ಗಾಜಿನ ಮೇಲೆ ಒಂದೆರಡು ಇದ್ದರೆ ಪರವಾಗಿಲ್ಲ, ಹಿಂದಿನ ಗಾಜಿನ ಮೇಲೆ ಇರಬಾರದು. ಧೂಳಿನ ಕಣಗಳಿಗೆ ಹೆದರಬೇಡಿ. ಅದಿಲ್ಲದ ಹಳೇ ಲೆನ್ಸ್ ಇರುವುದಿಲ್ಲ. ತೊಗರಿ ಬೇಳೆ ಮಿಲ್‌ಗಳ ಊರಲ್ಲಿ ಇರುವವರು ನಾವು, ಅಷ್ಟು ಧೂಳಿಗೆ ಒಳ್ಳೆ ಲೆನ್ಸ್ ಬಿಡಬಾರದು ಅಲ್ವಾ?

ಫೋಕಸ್ ಉಂಗುರ ಒಂದೇ ಹದದಲ್ಲಿ ತಿರುಗಬೇಕು. ಪಾಕ ಗಟ್ಟಿಯಾದ ಹಾಗೆ ಬಿಗಿ ಇದ್ದರೆ ಗ್ರೀಸ್ ಒಣಗಿದೆ. ಲೆನ್ಸ್ ಬಾಡಿಯ ಮೇಲೆ ಗಡಗಡ ಅಲುಗಬಾರದು. ಮುಂದಿನ ಅಂಚಿಗೆ ನೆಗ್ಗು ಬಿದ್ದಿದ್ದರೆ ಯಾವತ್ತೋ ಕೆಳಗೆ ಬಿದ್ದ ಲೆನ್ಸ್ ಅದು.

ದೂರದಿಂದ ತರಿಸುವವರು ಮೂರು ಕೇಳಿ: ಹಿಂಭಾಗದ ಮೌಂಟ್ ಚಿತ್ರ, ಟಾರ್ಚ್ ಹಾಕಿ ತೆಗೆದ ಚಿತ್ರ, ಆ ದಿನದ ಮೊದಲ ಒತ್ತಿನ ವೀಡಿಯೋ. ಕೊಡದಿದ್ದರೆ ಬಿಟ್ಟುಬಿಡಿ. ಇನ್ನೊಂದು 50 ಸಿಕ್ಕೇ ಸಿಗುತ್ತದೆ.

ಮೊದಲ ರೀಲ್ ಪರೀಕ್ಷೆಗೆ

ಲೆನ್ಸ್ ಬಂದ ಮೇಲೆ ಮದುವೆಗೋ ಜಾತ್ರೆಗೋ ಒಯ್ಯಬೇಡಿ. 100ರ ಫಿಲ್ಮ್ ಹಾಕಿ, ಬಯಲಿನ ನೆರಳಿನಲ್ಲಿರುವ ಒಂದು ಗೋಡೆ ಹುಡುಕಿ. ಶಹಾಬಾದ್ ಕಲ್ಲಿನ ಗೋಡೆ ಆದರೆ ಒಳ್ಳೆಯದು, ಅದರ ಸಂದುಗಳು ಚೊಕ್ಕವೋ ಮಸುಕೋ ತಟ್ಟನೆ ಗೊತ್ತಾಗುತ್ತದೆ. ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು ಮೂರು ಚಿತ್ರ ತೆಗೆಯಿರಿ: ಎಫ್ 2ಕ್ಕೆ 1/1000, ಎಫ್ 5.6ಕ್ಕೆ 1/125, ಎಫ್ 16ಕ್ಕೆ 1/15. ಮೂರರಲ್ಲೂ ಫಿಲ್ಮಿಗೆ ಬೀಳುವ ಬೆಳಕು ಒಂದೇ. ನೆಗೆಟಿವ್ ಮೂರೂ ಒಂದೇ ಕಪ್ಪು ಇದ್ದರೆ ಲೆನ್ಸೂ ಶಟರೂ ಸರಿ ಇವೆ. ಸಣ್ಣ ಕಿಂಡಿಗೆ ಹೋದಂತೆ ಕಪ್ಪು ಹೆಚ್ಚಾಗಿದ್ದರೆ ಮೊದಲು ಬ್ಲೇಡ್ ನೋಡಿ, ಅದು ಚುರುಕಾಗಿದ್ದರೆ ಶಟರ್ ಮೇಲೆ ಅನುಮಾನ ಪಡಿ.

ಇನ್ನೊಂದು, ಮಾಳಿಗೆ ಹತ್ತಿ ಲೆನ್ಸ್ ಪೂರ್ತಿ ತೆರೆದು, ಫೋಕಸ್ ಉಂಗುರವನ್ನು ಕೊನೆಯವರೆಗೆ ತಿರುಗಿಸಿ, ಕಣ್ಣಿಗೆ ಕಾಣುವ ಅತಿ ದೂರದ್ದನ್ನು ತೆಗೆಯಿರಿ. ಯಾದಗಿರಿಯವರಿಗೆ ಗುಡ್ಡದ ಮೇಲಿನ ಕೋಟೆಯೇ ಇದೆ. ಅದು ಮಸುಕು ಬಂದರೆ ಲೆನ್ಸನ್ನು ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ. ಪ್ರತಿ ಚಿತ್ರದ ನಂಬರು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಾನು ಬರೆದಿಟ್ಟಿರದಿದ್ದರೆ ಕಾಕಾಗೆ ಉತ್ತರ ಕೊಡಲು ಆಗುತ್ತಿರಲಿಲ್ಲ.

ಇಡುವುದು, ಒಯ್ಯುವುದು

ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಲೆನ್ಸ್ ಬಿಡಬೇಡಿ. ಮನೆಯಲ್ಲಿ ಅತಿ ತಂಪಾದ ಕೋಣೆಯ ಕೆಳಗಿನ ಗೂಡಿನಲ್ಲಿಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಚರ್ಮದ ಕೇಸಿನಲ್ಲಿ ಬೇಡ. ಧೂಳು ಕೂತರೆ ಮೊದಲು ಗಾಳಿ ಊದುವ ರಬ್ಬರ್ ಬಲ್ಬ್, ಆಮೇಲೆ ಮೆತ್ತನೆಯ ಬ್ರಷ್. ಅಂಗಿಯ ತುದಿಯಿಂದ ಒರೆಸಿದರೆ ನಮ್ಮ ಮಣ್ಣು ಗಾಜಿಗೆ ಉಪ್ಪುಕಾಗದದ ಹಾಗೆ ಆಗುತ್ತದೆ.

ಒಂದು ಹುಡ್, ಅಂದರೆ ಲೆನ್ಸ್ ಮುಂದೆ ಹಾಕುವ ನೆರಳಿನ ಕೊಳವೆ, ಕೊಳ್ಳಿ. ಈ ಬಿಸಿಲಿಗೆ ಅದು ಫಿಲ್ಟರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಪೆಂಟಾಕ್ಸ್-ಎಂ ಸರಣಿಯ ಸಾಮಾನ್ಯ 28, 50, 135ಕ್ಕೆಲ್ಲ 49 ಮಿ.ಮೀ. ಅಗಲದ್ದು ಸಾಕು. ಹಳೇ ನಿಕಾನ್‌ನಲ್ಲಿ ಅದೇ ಸಾಮಾನ್ಯ ಲೆನ್ಸ್‌ಗಳಿಗೆ 52.

ಮುಚ್ಚಳ ಮರೆಯಬೇಡಿ. ಕೆ1000ರಲ್ಲಿ ಬೆಳಕು ಅಳೆಯುವ ಮೀಟರ್ ಆಫ್ ಮಾಡುವ ಗುಂಡಿಯೇ ಇಲ್ಲ. ಲೆನ್ಸ್‌ಗೆ ಮುಚ್ಚಳ ಹಾಕಿ ಕತ್ತಲು ಮಾಡಿದರೆ ಮಾತ್ರ ಅದು ನಿಲ್ಲುತ್ತದೆ, ಇಲ್ಲದಿದ್ದರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ. ನನ್ನ ಮೂರನೇ ಲೆನ್ಸ್, ಅಂದರೆ ಈಗ ಇರುವುದು, ಮುಚ್ಚಳ ಇಲ್ಲದೆ ಬಂತು. ಕಾಕಾ ಅಲ್ಮಾರಿಯ ಡ್ರಾ ಎಳೆದು ಹುಡುಕಿದರು. ಮದುವೆಗೆ ಹೋಗಿ ತಿರುಗಿ ಬಾರದ ಲೆನ್ಸ್‌ನ ಮುಚ್ಚಳ ಅಲ್ಲೇ ಇತ್ತು. 49 ಮಿ.ಮೀ. ಸರಿಯಾಗಿ ಕೂತಿತು.